ಸಾಕಿದ ಕೋಳಿ ಇದ್ದಕ್ಕಿದ್ದಂತೆ ಸತ್ತರೆ

ನಾಯಿ ಸತ್ತರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಬೆಕ್ಕು ಸತ್ತರೂ ಅನ್ನುತ್ತಾರೆ. ಕೋಳಿ ಸತ್ತರೆ ಮಾತ್ರ "ಎಷ್ಟು ಕೆ.ಜಿ. ಇತ್ತು?" ಎಂದು ಕೇಳುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ನಮ್ಮ ಮನೆಯ ಬಾದಾಮಿ ಸತ್ತಾಗ ಈ ಪ್ರಶ್ನೆಯನ್ನು ನನಗೆ ನಾಲ್ಕು ಜನ ಕೇಳಿದರು. ಅವರಲ್ಲಿ ಇಬ್ಬರು ನಮ್ಮ ಕ್ಲಾಸಿನವರೇ. ಹೆಸರು ಬರೆಯುವುದಿಲ್ಲ, ಅವರ ಮೇಲೆ ಸಿಟ್ಟೂ ಇಲ್ಲ. ಕೋಳಿ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ತಟ್ಟೆ. ಆದರೆ ನಮ್ಮ ಕಾಲೇಜಿಗೆ ಬರುವವರಲ್ಲಿ ಹಿತ್ತಲಲ್ಲಿ ಎರಡು ಮೂರು ಕೋಳಿ ಸಾಕಿದ ಮನೆಯವರು ಬಹಳ ಇದ್ದಾರೆ. ಅವರಿಗೆ ಉಪಯೋಗವಾಗಲಿ ಎಂದು, ಆ ಹದಿನೈದು ದಿನಗಳಲ್ಲಿ ನಾನು ಕೇಳಿ, ಓದಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ಬಾದಾಮಿ ನಾಟಿ ಕೋಳಿ. ಎರಡು ವರ್ಷದ ಹಿಂದೆ ನಾನಿಯ ಊರಿನಿಂದ ಚಪ್ಪಲಿ ಡಬ್ಬದಲ್ಲಿ ಕೂತು ಬಸ್ಸಿನಲ್ಲಿ ಬಂದಿತ್ತು. ಡಬ್ಬಕ್ಕೆ ತಮ್ಮ ಪೆನ್ಸಿಲಿನಿಂದ ತೂತು ಮಾಡಿದ್ದ. ಬಣ್ಣ ನೋಡಿ ಹೆಸರಿಟ್ಟವನೂ ಅವನೇ. ಆದರೆ ಅದು ಹಚ್ಚಿಕೊಂಡದ್ದು ದಾದಿಯನ್ನು. ಮಧ್ಯಾಹ್ನ ದಾದಿ ಹಿತ್ತಲ ಬಾಗಿಲಲ್ಲಿ ಕೂತು ಅಕ್ಕಿ ಆರಿಸುವಾಗ ಪಕ್ಕದಲ್ಲೇ ಮಣ್ಣು ಕೆದಕುತ್ತಿತ್ತು. ದಾದಿ ಎದ್ದು ನಮಾಜಿಗೆ ಒಳಗೆ ಹೋದರೆ ಹೊಸ್ತಿಲವರೆಗೆ ಬಂದು ನಿಲ್ಲುತ್ತಿತ್ತು, ಒಳಗೆ ಕಾಲಿಡುತ್ತಿರಲಿಲ್ಲ. "ಇವಳಿಗಿರುವ ತಮೀಜು ನಿಮಗಿಲ್ಲ" ಎಂದು ನಾವು ಬೈಸಿಕೊಂಡದ್ದು ಲೆಕ್ಕವಿಲ್ಲ.

ಅವತ್ತು ಬೆಳಿಗ್ಗೆ ನುಚ್ಚು ತಿಂದು, ಎಂದಿನಂತೆ ಉಳಿದ ಮೂರು ಕೋಳಿಗಳನ್ನು ಕುಕ್ಕಿ ಓಡಿಸಿ, ಸರಿಯಾಗಿಯೇ ಇತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಕ್ಕಕ್ಕೆ ವಾಲಿ ಬಿದ್ದಿತ್ತು. ಕಣ್ಣು ತೆರೆದಿತ್ತು, ರೆಕ್ಕೆ ಒಂದೆರಡು ಸಲ ಬಡಿಯಿತು. ಕಾಲು ಗಂಟೆಯೊಳಗೆ ಮುಗಿಯಿತು.

ಆ ಕಾಲು ಗಂಟೆಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮಂಥ ಮನೆಗಳಲ್ಲಿ ಇದು ನಡೆದೇ ನಡೆಯುತ್ತದೆ. ಚಾಚಾ ಕತ್ತಿ ತೆಗೆದುಕೊಂಡು ಬಂದರು. ತಾನಾಗಿ ಸತ್ತ ಕೋಳಿ ಮುರ್ದಾರ್, ಅದನ್ನು ತಿನ್ನುವಂತಿಲ್ಲ. ಉಸಿರಿರುವಾಗಲೇ ಹಲಾಲ್ ಮಾಡಿದರೆ ಕೋಳಿ ವ್ಯರ್ಥವಾಗುವುದಿಲ್ಲ ಎಂಬುದು ಅವರ ಲೆಕ್ಕ. ಅವರು ಕೆಟ್ಟವರಲ್ಲ, ಬಡತನ ನೋಡಿದವರು. ದಾದಿ ಮಾತ್ರ ಕೋಳಿಯ ಮುಂದೆ ಕೂತುಬಿಟ್ಟರು. "ಹಸಿವಿಗೆ ಕೊಯ್ಯುವುದು ಬೇರೆ, ನಷ್ಟ ಆಗಬಾರದು ಅಂತ ಕೊಯ್ಯುವುದು ಬೇರೆ. ಅದು ಸಮಾಧಾನವಾಗಿ ಹೋಗಲಿ" ಎಂದರು. ಮರುದಿನ ಪಶು ಆಸ್ಪತ್ರೆಯ ಡಾಕ್ಟರ್ ಮೇಡಂ ಕೂಡ ಬೇರೆ ಕಾರಣದಿಂದ ಅದೇ ಮಾತು ಹೇಳಿದರು. ಕಾಯಿಲೆ ಏನೆಂದು ಗೊತ್ತಿಲ್ಲದೆ ನರಳುತ್ತಿರುವ ಕೋಳಿಯನ್ನು ಕೊಯ್ಯುವುದೇ ಅಪಾಯ. ಅಡುಗೆಯ ಬಿಸಿಗೆ ಕ್ರಿಮಿ ಸಾಯಬಹುದು, ಆದರೆ ಅದಕ್ಕೆ ಮುಂಚೆ ರಕ್ತ, ಪುಕ್ಕ, ಕರುಳು ಎಲ್ಲ ನಮ್ಮ ಕೈಯಲ್ಲೇ ಇರುತ್ತವೆ.

ಈಗ ಕಾರಣಗಳಿಗೆ ಬರೋಣ. ಬೆಳಿಗ್ಗೆ ಚೆನ್ನಾಗಿದ್ದ ಕೋಳಿ ಮಧ್ಯಾಹ್ನ ಹೇಗೆ ಸಾಯುತ್ತದೆ? ಮೇಡಂ ಮೊದಲು ಹೇಳಿದ್ದು, "ಚೆನ್ನಾಗಿತ್ತು ಅನ್ನುವುದು ನಿಮಗೆ ಕಂಡದ್ದು ಅಷ್ಟೇ" ಎಂದು. ನಮ್ಮ ಊರ ಕೋಳಿಗಳ ಮೂಲ ಕೆಂಪು ಕಾಡುಕೋಳಿ. ಕಾಡಿನಲ್ಲಿ ಸುಸ್ತಾಗಿದೆ ಎಂದು ತೋರಿಸಿಕೊಂಡ ಹಕ್ಕಿಯನ್ನು ಬೇಟೆಯಾಡುವ ಪ್ರಾಣಿ ಮೊದಲು ಹಿಡಿಯುತ್ತದೆ, ಜೊತೆಯ ಕೋಳಿಗಳೂ ಕುಕ್ಕುತ್ತವೆ. ಆದ್ದರಿಂದ ಕೋಳಿ ತನ್ನ ಕಾಯಿಲೆಯನ್ನು ಕೊನೆಯ ಗಳಿಗೆಯವರೆಗೆ ಬಚ್ಚಿಡುತ್ತದೆ. ಸಾವಿರಾರು ವರ್ಷ ಮನುಷ್ಯರ ಜೊತೆಗಿದ್ದರೂ ಆ ಅಭ್ಯಾಸ ಹೋಗಿಲ್ಲ. ಮನೆಯವರ ಕಣ್ಣಿಗೆ ಬೀಳುವ ಹೊತ್ತಿಗೆ ಬಹಳ ಸಲ ತಡವಾಗಿರುತ್ತದೆ. ಇದನ್ನು ಕೇಳಿದ ಮೇಲೆ ದಾದಿಗೆ ಎಷ್ಟು ಹಗುರವಾಯಿತೆಂದರೆ, ಮನೆಗೆ ಬಂದು ಎಲ್ಲರಿಗೂ ಎರಡೆರಡು ಸಲ ಹೇಳಿದರು.

ಒಂದು ಕಾರಣ ಬಿಸಿಲು. ಕೋಳಿಯ ಮೈಶಾಖ ಸಹಜವಾಗಿಯೇ 41ರಿಂದ 42 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ನಮಗೆ ಅಷ್ಟಿದ್ದರೆ ಆಸ್ಪತ್ರೆ ಸೇರಬೇಕು. ಅದಕ್ಕೆ ಬೆವರು ಗ್ರಂಥಿಗಳಿಲ್ಲ. ಕೊಕ್ಕು ತೆರೆದು ಏದುಸಿರು ಬಿಟ್ಟು, ರೆಕ್ಕೆಯನ್ನು ಮೈಯಿಂದ ದೂರ ಹಿಡಿದು ಶಾಖ ಕಳೆಯಬೇಕು. ಇನ್ನೊಂದು ಕಾರಣ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವುದು. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಚಿಪ್ಪಿನ ಸುಣ್ಣ ಕೋಳಿಯ ರಕ್ತ, ಮೂಳೆಯಿಂದ ಬರಬೇಕು. ಮೈಯಲ್ಲಿ ಸುಣ್ಣ ಕಮ್ಮಿಯಾದರೆ ಮೊಟ್ಟೆಯನ್ನು ಹೊರದೂಡುವ ಸ್ನಾಯುಗಳಿಗೂ ಬಲ ಇರುವುದಿಲ್ಲ. ಇನ್ನು ಹೃದಯ ನಿಂತು ಸಾಯುವುದು ಮನುಷ್ಯರಂತೆ ಕೋಳಿಗಳಲ್ಲೂ ಉಂಟು. ಅತಿಯಾಗಿ ಕೊಬ್ಬಿದ ಕೋಳಿಗಳಲ್ಲಿ ಯಕೃತ್ತು ಒಡೆದು ಒಳಗೇ ರಕ್ತ ಸುರಿದು ಸಾಯುವುದೂ ಇದೆ. ಬಾದಾಮಿ ಕೊಬ್ಬಿರಲಿಲ್ಲ, ಗೋಡೆ ಹಾರಿ ಪಕ್ಕದ ಮನೆಯ ಪಪ್ಪಾಯ ಕುಕ್ಕಿ ಬರುವಷ್ಟು ಚುರುಕಾಗಿತ್ತು.

ಎಲ್ಲಕ್ಕಿಂತ ಭಯ ಹುಟ್ಟಿಸುವ ಕಾರಣ ಸಾಂಕ್ರಾಮಿಕ. ನಮ್ಮ ಕಡೆ ಕೊಕ್ಕರೆ ರೋಗ ಎನ್ನುತ್ತಾರಲ್ಲ, ಅದೇ ರಾಣಿಖೇತ್ ರೋಗ. ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ 1920ರ ದಶಕದಲ್ಲಿ ಕಾಣಿಸಿಕೊಂಡದ್ದರಿಂದ ನಮ್ಮ ದೇಶದಲ್ಲಿ ಆ ಹೆಸರು. ಅದೇ ದಶಕದಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಂಡಿತ್ತು, ಹೊರದೇಶದವರು ನ್ಯೂಕ್ಯಾಸಲ್ ರೋಗ ಎಂದೇ ಕರೆಯುತ್ತಾರೆ. ಹಸಿರು ಹಿಕ್ಕೆ, ಉಸಿರಾಟಕ್ಕೆ ಕಷ್ಟ, ಕುತ್ತಿಗೆ ತಿರುಚಿಕೊಳ್ಳುವುದು ಇದರ ಲಕ್ಷಣ. ಇದು ವೈರಸ್‌ನಿಂದ ಬರುವುದರಿಂದ ಬಂದ ಮೇಲೆ ಔಷಧಿ ಇಲ್ಲ, ಬರದಂತೆ ಲಸಿಕೆ ಇದೆ. ಹಕ್ಕಿಜ್ವರ ಇನ್ನೂ ಗಂಭೀರ. ಭಾರತದಲ್ಲಿ ಅದು ಮೊದಲು ಪತ್ತೆಯಾದದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ಒಂದೇ ಬೀದಿಯಲ್ಲಿ ಹಲವು ಕೋಳಿಗಳು, ಕಾಗೆಗಳು ಒಟ್ಟಿಗೆ ಸಾಯುತ್ತಿದ್ದರೆ ಯಾವುದನ್ನೂ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಬೇಕು.

ಸತ್ತ ಕೋಳಿಯನ್ನು ಕೊಯ್ದು ನೋಡಿದರೆ ಕಾರಣ ತಿಳಿಯುವ ಸಾಧ್ಯತೆ ಇದೆ. ಹೆಚ್ಚು ಹೊತ್ತು ಕಳೆಯುವ ಮೊದಲು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಣ್ಣಗಿಟ್ಟು ಪಶು ಆಸ್ಪತ್ರೆಗೆ ಒಯ್ಯಬೇಕು. ನಾವು ಒಯ್ಯಲಿಲ್ಲ. ದಾದಿ ಬೇಡ ಎಂದರು, ಅಬ್ಬಾ ದಾದಿಯ ಮಾತಿಗೆ ಎದುರಾಡಲಿಲ್ಲ, ನನಗೂ ಅದೇ ಸರಿ ಅನ್ನಿಸಿತು. ಹಾಗಾಗಿ ಬಾದಾಮಿ ಯಾಕೆ ಸತ್ತಿತು ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಉತ್ತರವಿಲ್ಲ. ಆದರೆ ಯಾವುದರಿಂದ ಸಾಯಲಿಲ್ಲ ಎಂದು ಹೇಳಬಲ್ಲೆವು. ರಾಣಿಖೇತ್ ರೋಗ ತಗುಲಿದರೆ ಸಾಮಾನ್ಯವಾಗಿ ಎರಡರಿಂದ ಹದಿನೈದು ದಿನದೊಳಗೆ ಲಕ್ಷಣ ಕಾಣುತ್ತದೆ. ಹಾಗಾಗಿ ಉಳಿದ ಮೂರನ್ನು ಹದಿನೈದು ದಿನ ಹೊರಗೆ ಬಿಡದೆ, ಹಿಕ್ಕೆಯ ಬಣ್ಣ ನೋಡುತ್ತಾ ಕಾದೆವು. ಏನೂ ಆಗಲಿಲ್ಲ.

ಹೂಳುವ ವಿಷಯ. ಚರಂಡಿಗೆ, ಕಸದ ಗಾಡಿಗೆ, ಖಾಲಿ ಸೈಟಿಗೆ ಎಸೆಯಬಾರದು. ನಾಯಿ ಎಳೆದಾಡಿ ಬೀದಿಯ ಬೇರೆ ಕೋಳಿಗಳಿಗೆ ಕಾಯಿಲೆ ಹರಡುತ್ತದೆ, ಅಲ್ಲದೆ ಹೆಸರಿಟ್ಟು ಕರೆದ ಜೀವವನ್ನು ಹಾಗೆ ನೋಡುವುದು ಯಾರಿಗೂ ಬೇಡ. ಬಾವಿ, ಬೋರ್‌ವೆಲ್‌ನಿಂದ ದೂರ ಮೂರು ಅಡಿ ಗುಂಡಿ ತೋಡಿ, ಮೇಲೆ ಸುಣ್ಣ ಹಾಕಿ, ಮಣ್ಣು ತುಂಬಿ, ಕಲ್ಲು ಹೇರಬೇಕು. ಕೈಗೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡರೆ ಒಳ್ಳೆಯದು, ಆಮೇಲೆ ಸೋಪಿನಿಂದ ತೊಳೆಯಬೇಕು. ನೀರಿನ ಬಾಣಲೆಯನ್ನು ಬ್ಲೀಚಿಂಗ್ ಪೌಡರಿನಿಂದ ಉಜ್ಜಿ ಬಿಸಿಲಿಗಿಡಬೇಕು. ಇಷ್ಟೇ.

ಇನ್ನು ಮನಸ್ಸಿನ ಮಾತು. ತಮ್ಮನಿಗೆ ಎಂಟು ವರ್ಷ. ಸ್ಕೂಲಿನಿಂದ ಅವನು ಬರುವ ಮೊದಲು ಅಮ್ಮಿ ಒಂದು ಉಪಾಯ ಹೇಳಿದರು: ಬಾದಾಮಿಯನ್ನು ನಾನಿಯ ಊರಿಗೆ ಕಳಿಸಿದ್ದೇವೆ ಎನ್ನೋಣ. ನಾನು ಒಪ್ಪಲಿಲ್ಲ. ಮೇ ತಿಂಗಳಲ್ಲಿ ನಾವೇ ನಾನಿಯ ಊರಿಗೆ ಹೋಗುವವರಿದ್ದೆವು. ಅಲ್ಲಿ ಹೋಗಿ ಅವನು ಗೂಡು ಗೂಡು ಹುಡುಕಿದರೆ ಏನು ಹೇಳುವುದು? ಮಕ್ಕಳಿಗೆ "ಮಲಗಿದೆ", "ಊರಿಗೆ ಹೋಗಿದೆ" ಎಂದರೆ ಅವರು ಅದನ್ನೇ ನಂಬಿ ಕಾಯುತ್ತಾರೆ. ಸತ್ತಿದೆ ಎಂಬ ಪದವನ್ನೇ ಹೇಳಿದೆವು. ಅವನು ಅತ್ತ. ಆಮೇಲೆ ಕೇಳಿದ ಪ್ರಶ್ನೆ: "ಆಪಾ, ನಾನು ನಿನ್ನೆ ಬಿಸ್ಕೆಟ್ ಹಾಕಿದ್ದೆ, ಅದಕ್ಕಾ?" ಇದನ್ನು ನೆನಪಿಡಿ. ಕಾರಣ ಗೊತ್ತಿಲ್ಲದ ಸಾವಿನಲ್ಲಿ ಚಿಕ್ಕವರು ಕಾರಣವನ್ನು ತಮ್ಮಲ್ಲೇ ಹುಡುಕಿಕೊಳ್ಳುತ್ತಾರೆ, ಬಾಯಿಬಿಟ್ಟು ಕೇಳದವರೂ ಸಹ. ಅರ್ಧ ಗ್ಲೂಕೋಸ್ ಬಿಸ್ಕೆಟ್‌ನಿಂದ ಕೋಳಿ ಸಾಯುವುದಿಲ್ಲ ಎಂದು ಅವನು ನನ್ನ ಮಾತಿನಿಂದ ನಂಬಲಿಲ್ಲ. ಮರುದಿನ ನಮ್ಮ ಜೊತೆಗೇ ಪಶು ಆಸ್ಪತ್ರೆಗೆ ಬಂದು, ಡಾಕ್ಟರ್ ಮೇಡಂ ಬಾಯಿಂದ ಕೇಳಿದ ಮೇಲೆ ನಂಬಿದ.

ಅವನಿಗೆ ದಾದಿ ಇನ್ನೊಂದು ಸಂಗತಿ ಹೇಳಿದರು, ನಮ್ಮಲ್ಲಿ ಹಲವರಿಗೆ ಗೊತ್ತಿರುವುದೇ. ಅನಸ್ (ರ) ಅವರಿಗೆ ಅಬೂ ಉಮೈರ್ ಎಂಬ ಪುಟ್ಟ ತಮ್ಮನಿದ್ದ. ಅವನೊಂದು ಸಣ್ಣ ಹಕ್ಕಿಯ ಜೊತೆ ಆಡುತ್ತಿದ್ದ. ಹಕ್ಕಿ ಸತ್ತು ಹುಡುಗ ಮಂಕಾಗಿದ್ದಾಗ ಪ್ರವಾದಿ (ಸ) ಅವನನ್ನು ದೊಡ್ಡವರನ್ನು ಕರೆಯುವ ರೀತಿಯಲ್ಲಿ ಕರೆದು, ಆ ಹಕ್ಕಿಗೆ ಏನಾಯಿತು ಎಂದು ವಿಚಾರಿಸಿದರು. ಬುಖಾರಿ, ಮುಸ್ಲಿಂ ಎರಡೂ ಸಂಗ್ರಹಗಳಲ್ಲಿ ಈ ಹದೀಸ್ ಇದೆ. ಇಷ್ಟು ಸಲ ಕೇಳಿದ್ದರೂ ನಾನು ಗಮನಿಸದೇ ಇದ್ದದ್ದು ಒಂದಿದೆ: ಅಲ್ಲಿ ಉಪದೇಶವಿಲ್ಲ, "ಹಕ್ಕಿ ತಾನೇ" ಎಂಬ ಮಾತಿಲ್ಲ, ಇರುವುದು ವಿಚಾರಣೆ. ನಮ್ಮ ಮನೆಗೆ ಬಂದವರೆಲ್ಲ "ಮುರ್ಗೀಚ್ ಹೈ ನಾ, ರೋ ನಕ್ಕೋ" ಎಂದು ತಮ್ಮನ ತಲೆ ಸವರಿದರು. ಅಷ್ಟಕ್ಕೆ ಯಾಕೆ ಅಳುತ್ತೀಯ ಎಂದರೆ ಅಳು ನಿಲ್ಲುವುದಿಲ್ಲ, ಬಚ್ಚಲುಮನೆಗೆ ಹೋಗುತ್ತದೆ. ಪಕ್ಕದ ಮನೆಯ ಆಂಟಿ ಮಾತ್ರ "ನಿಮ್ಮ ಹೇಂಟೆ ನಮ್ಮ ಪಪ್ಪಾಯಕ್ಕೆ ದಿನಾ ಬರ್ತಿತ್ತಲ್ಲೋ, ಎಷ್ಟು ಗಂಟೆಗೆ ಹೋಯ್ತು, ಏನಾಗಿತ್ತು?" ಎಂದು ಕೇಳಿದರು. ಅವರ ಮುಂದೆ ಅವನು ಅರ್ಧ ಗಂಟೆ ಮಾತಾಡಿದ.

ಈ ವ್ಯತ್ಯಾಸಕ್ಕೆ ಶಾಸ್ತ್ರದಲ್ಲಿ ಹೆಸರಿದೆ. ಅಮೆರಿಕದ ಕೆನೆತ್ ಡೋಕಾ ಎಂಬವರು 1989ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಸಮಾಜ ಒಪ್ಪದ, ಬಹಿರಂಗವಾಗಿ ತೋರಿಸಿಕೊಳ್ಳಲು ಅವಕಾಶವಿಲ್ಲದ ದುಃಖದ ಬಗ್ಗೆ ಬರೆದರು. ಸಾಕಿದ ಪ್ರಾಣಿಯ ಸಾವು ಅದಕ್ಕೆ ಒಳ್ಳೆಯ ಉದಾಹರಣೆ. ರಜೆ ಇಲ್ಲ, ಸಾಂತ್ವನಕ್ಕೆ ಬರುವವರಿಲ್ಲ, ಅತ್ತರೆ ನಗುತ್ತಾರೆ. ನಾನು ಅದನ್ನು ನೋಟ್‌ಬುಕ್ಕಿನಲ್ಲಿ "ಹಕ್ಕಿಲ್ಲದ ದುಃಖ" ಎಂದು ಕನ್ನಡಕ್ಕೆ ಮಾಡಿಕೊಂಡಿದ್ದೆ. ಕನ್ನಡವನ್ನು ಈಗಷ್ಟೇ ಕೂಡಿಸಿ ಓದಲು ಕಲಿಯುತ್ತಿರುವ ತಮ್ಮ ಅದನ್ನು "ಹಕ್ಕಿ ಇಲ್ಲದ ದುಃಖ" ಎಂದು ಓದಿ, "ಆಪಾ, ಇದು ಬಾದಾಮಿ ಬಗ್ಗೆನಾ?" ಎಂದ. ನಾನು ತಿದ್ದಲಿಲ್ಲ.

ದುಃಖಕ್ಕೆ ಐದು ಮೆಟ್ಟಿಲು ಎಂದು ನೀವೂ ಕೇಳಿರಬಹುದು: ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ಎಲಿಸಬೆತ್ ಕೂಬ್ಲರ್ ರಾಸ್ ಇದನ್ನು 1969ರಲ್ಲಿ ಬರೆದದ್ದು ಸಾವಿನ ಹತ್ತಿರವಿದ್ದ ರೋಗಿಗಳೊಡನೆ ಮಾತಾಡಿ, ಬದುಕಿ ಉಳಿದವರನ್ನು ನೋಡಿ ಅಲ್ಲ. ಎಲ್ಲರೂ ಅದೇ ಮೆಟ್ಟಿಲು ಹತ್ತಿ ಇಳಿಯಬೇಕೆಂಬ ನಿಯಮವಿಲ್ಲ. ನಮ್ಮ ಮನೆಯಲ್ಲಿ ಯಾರೂ ಮೆಟ್ಟಿಲು ಹತ್ತಲಿಲ್ಲ. ದಾದಿ ಮಧ್ಯಾಹ್ನ ಹಿತ್ತಲ ಬಾಗಿಲ ಬದಲು ಹಾಲಿನಲ್ಲಿ ಕೂತು ಅಕ್ಕಿ ಆರಿಸತೊಡಗಿದರು. ಹತ್ತು ದಿನ ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ಹನ್ನೊಂದನೆಯ ದಿನ ಸೆಕೆ ತಡೆಯಲಾಗದೆ ಮತ್ತೆ ಬಾಗಿಲಿಗೆ ಬಂದರು.

ನಾನು ಕಾಮರ್ಸ್ ವಿದ್ಯಾರ್ಥಿನಿ, ಲೆಕ್ಕ ಇಡುವುದು ಅಭ್ಯಾಸ. ಬಾದಾಮಿ ಎರಡು ವರ್ಷದಲ್ಲಿ ಇಟ್ಟ ಮೊಟ್ಟೆ 138. ಅದರಲ್ಲಿ 90 ಮೊಟ್ಟೆ ಹತ್ತು ರೂಪಾಯಿಯಂತೆ ಪಕ್ಕದವರಿಗೆ ಮಾರಿ 900 ರೂಪಾಯಿ ಬಂದಿತ್ತು, ಉಳಿದ 48 ಮನೆಗೆ. ದೊಡ್ಡ ಕಂಪನಿಗಳಿಗೆ ಅನ್ವಯವಾಗುವ ಇಂಡ್ ಎಎಸ್ 41 ಎಂಬ ಲೆಕ್ಕ ಮಾನದಂಡದಲ್ಲಿ ವ್ಯವಸಾಯಕ್ಕಾಗಿ ಸಾಕಿದ ಜೀವಂತ ಪ್ರಾಣಿ, ಗಿಡಗಳನ್ನು ಜೈವಿಕ ಆಸ್ತಿ ಎನ್ನುತ್ತಾರೆ. ನ್ಯಾಯಯುತ ಬೆಲೆಯಿಂದ ಮಾರಾಟದ ಖರ್ಚು ಕಳೆದು ಮೌಲ್ಯ ಬರೆಯುತ್ತಾರೆ. ಕೋಳಿ ಫಾರಂನವರಿಗೆ ಇದು ಸರಿ. ಫಾರಂನಲ್ಲಿ ಒಂದು ಸತ್ತರೆ ಇಷ್ಟು ರೂಪಾಯಿ ನಷ್ಟ ಎಂದು ಬರೆದು ಮುಂದಕ್ಕೆ ಹೋಗಬೇಕು, ಇಲ್ಲದಿದ್ದರೆ ಅವರು ವ್ಯಾಪಾರ ಮಾಡುವುದು ಹೇಗೆ? ಅದೇ ರೀತಿ ಬರೆದರೆ ಬಾದಾಮಿಗೆ 500 ರೂಪಾಯಿ ಆಗಬಹುದು. ನನ್ನ ನೋಟ್‌ಬುಕ್ಕಿನಲ್ಲಿ ಮೊಟ್ಟೆಯ ಅಂಕಣದ ಕೆಳಗೆ ಗೆರೆ ಎಳೆದು ಮೊತ್ತ ಬರೆದೆ. ನಷ್ಟದ ಅಂಕಣ ತೆರೆಯಲಿಲ್ಲ.

ಕೋಳಿಗೆ ಅಷ್ಟೆಲ್ಲ ತಿಳಿಯುತ್ತದೆಯೇ ಎಂದು ಕೇಳುವವರಿಗೆ ಎರಡು ಮಾತು. 2011ರಲ್ಲಿ ಬ್ರಿಟನ್ನಿನ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಮರಿಗಳ ಮೇಲೆ ಮೆಲ್ಲಗೆ ಗಾಳಿ ಊದಿ ತಾಯಿಕೋಳಿಯನ್ನು ಗಮನಿಸಿದರು. ಮರಿಗಳಿಗೆ ಕಿರಿಕಿರಿಯಾದಾಗ ತಾಯಿಯ ಹೃದಯಬಡಿತ ಹೆಚ್ಚಿತು. ಇನ್ನು ನಾರ್ವೆಯ ಶೆಲ್ಡರಪ್ ಎಬ್ಬೆ ಎಂಬವರು ಹುಡುಗನಾಗಿದ್ದಾಗಿನಿಂದಲೇ ಕೋಳಿಗಳನ್ನು ನೋಡುತ್ತಾ ಟಿಪ್ಪಣಿ ಬರೆದಿಟ್ಟು, 1920ರ ದಶಕದಲ್ಲಿ ಒಂದು ವಿಷಯ ತೋರಿಸಿಕೊಟ್ಟರು: ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಕ್ರಮ ಇರುತ್ತದೆ, ಪ್ರತಿ ಕೋಳಿಗೂ ಉಳಿದವರನ್ನು ಗುರುತಿಸಿ ತನ್ನ ಜಾಗ ಗೊತ್ತಿರುತ್ತದೆ. ಬಾದಾಮಿ ನಮ್ಮ ಹಿತ್ತಲಿನ ಹೆಡ್ ಮಿಸ್ಟ್ರೆಸ್. ಅದು ಹೋದ ಮೂರು ದಿನ ಉಳಿದ ಮೂರು ಕೋಳಿಗಳು ಒಂದೇ ಸಮನೆ ಜಗಳವಾಡಿದವು. ಅವುಗಳಿಗೂ ದುಃಖ ಎಂದು ಅಮ್ಮಿ ಅಂದರು. ದುಃಖವೋ ಏನೋ, ಖಾಲಿಯಾದ ಕುರ್ಚಿಗೆ ಚುನಾವಣೆ ನಡೆದಂತೆ ನನಗೆ ಕಂಡಿತು. ಕೊನೆಗೆ ಗೆದ್ದದ್ದು ಒಂದು ಕಣ್ಣಿನ ಕರಿಕೋಳಿ, ಅದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಇನ್ನೊಂದು ಗಂಟು ಉಳಿದಿದೆ. ಕೋಳಿಗಾಗಿ ಅತ್ತವರು ಭಾನುವಾರ ಕೋಳಿ ಸಾರು ತಿನ್ನಬಹುದೇ? ಆ ತಿಂಗಳು ಸಂಬಂಧಿಕರ ಮದುವೆಯ ದಾವತ್‌ನಲ್ಲಿ ತಮ್ಮ ಚಿಕನ್ ಮುಟ್ಟಲಿಲ್ಲ. ಹುಡುಗರು ರೇಗಿಸಿದರು. ಅಬ್ಬಾ ಯಾರಿಗೂ ಬೈಯದೆ ಅವನ ತಟ್ಟೆಗೆ ದಾಲ್ಚಾ ಬಡಿಸಿದರು. ಮನೆಗೆ ಬರುವಾಗ ಅವನಿಗೆ ಹೇಳಿದ್ದಿಷ್ಟು: "ತಿನ್ನಬೇಕು ಅನ್ನಿಸಿದ ದಿನ ತಿನ್ನು, ಬೇಡ ಅನ್ನಿಸಿದರೆ ಬೇಡ. ಎರಡಕ್ಕೂ ನಾಚಿಕೆ ಬೇಡ." ಅವನು ಆರು ವಾರ ತಿನ್ನಲಿಲ್ಲ, ಈಗ ತಿನ್ನುತ್ತಾನೆ. ನಾನು ಒಂದು ದಿನವೂ ಬಿಡಲಿಲ್ಲ, ಬಾದಾಮಿಯನ್ನು ಕಮ್ಮಿ ಪ್ರೀತಿಸಿದ್ದೆ ಎಂದು ನನಗೆ ಅನ್ನಿಸುವುದೂ ಇಲ್ಲ. ತಟ್ಟೆಯಲ್ಲಿರುವುದಕ್ಕೆ ನಾವು ಹೆಸರಿಟ್ಟಿರಲಿಲ್ಲ. ಇದು ಪೂರ್ತಿ ಸಮಾಧಾನದ ಉತ್ತರವಲ್ಲ ಎಂದು ಗೊತ್ತು, ನನ್ನ ಬಳಿ ಇರುವುದು ಇದೇ.

ತಕ್ಷಣ ಹೊಸ ಮರಿ ತಂದು ಅದೇ ಹೆಸರಿಡೋಣ ಎಂದು ಚಾಚಾ ಹೇಳಿದ್ದರು. ದಾದಿ ಬೇಡ ಎಂದರು. ಅದಕ್ಕೆ ಡಾಕ್ಟರ ಬೆಂಬಲವೂ ಇತ್ತು: ಕಾರಣ ಗೊತ್ತಿಲ್ಲದ ಸಾವಾದ ಮೇಲೆ ಕೆಲವು ವಾರ ಹೊಸ ಕೋಳಿ ಸೇರಿಸಬಾರದು. ನಾನಿಯ ಮನೆಯಲ್ಲಿ ಈಗ ಒಂದು ಕೋಳಿ ಕಾವಿಗೆ ಕೂತಿದೆ. 21 ದಿನಕ್ಕೆ ಮರಿ ಒಡೆಯುತ್ತವೆ, ಆಮೇಲೆ ನೋಡೋಣ ಎಂದಿದ್ದಾರೆ.

ಅದಕ್ಕೆ ಮೊದಲು ಒಂದು ಕೆಲಸ ಇದೆ. ರಾಣಿಖೇತ್ ರೋಗಕ್ಕೆ ಮರಿಗಳಿಗೆ ಮೊದಲ ವಾರದಲ್ಲಿ ಲಸೋಟಾ ಅಥವಾ ಎಫ್-1 ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಹನಿ ಹಾಕುತ್ತಾರೆ. ಎಂಟು ವಾರ ದಾಟಿದ ಕೋಳಿಗಳಿಗೆ ಆರ್2ಬಿ ಎಂಬ ಲಸಿಕೆಯನ್ನು ಚುಚ್ಚುತ್ತಾರೆ. ತೊಡಕೇನೆಂದರೆ ನಮಗೆ ಸಿಗುವ ಬಾಟಲಿ 100 ಕೋಳಿಗಳಿಗೆ ಆಗುವಷ್ಟು. ಒಮ್ಮೆ ಕಲಸಿದ ಲಸಿಕೆಯನ್ನು ಕೆಲವೇ ಗಂಟೆಯೊಳಗೆ ಮುಗಿಸಬೇಕು, ಮೂರು ಕೋಳಿಗಾಗಿ ಯಾರೂ ಬಾಟಲಿ ಒಡೆಯುವುದಿಲ್ಲ. ಅದಕ್ಕೇ ನಾನೂ ತಮ್ಮನೂ ನಮ್ಮ ಮೊಹಲ್ಲಾದ ಮನೆಮನೆಗೆ ಹೋಗಿ ಪಟ್ಟಿ ಬರೆದೆವು, ಇದುವರೆಗೆ 61 ಕೋಳಿಗಳಾಗಿವೆ. ಒಂದು ಬೆಳಿಗ್ಗೆ ಬಿಸಿಲೇರುವ ಮೊದಲು ಬಂದು ಹಾಕಿಕೊಡುವುದಾಗಿ ಮೇಡಂ ಒಪ್ಪಿದ್ದಾರೆ. ಆರೋಗ್ಯವಾಗಿರುವ ಕೋಳಿಗಳನ್ನು ಮಾತ್ರ, ಹಿಂದಿನ ರಾತ್ರಿಯೇ ಮಂಕರಿ ಮುಚ್ಚಿ ಇಟ್ಟು ತರಬೇಕು, ಬೆಳಿಗ್ಗೆ ಅಟ್ಟಿಸಿಕೊಂಡು ಹಿಡಿಯುತ್ತಾ ಕೂರಲು ಸಮಯ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಕೋಳಿ ಇದ್ದರೆ ಎಷ್ಟು, ಎಷ್ಟು ತಿಂಗಳಿನದು ಎಂದು ಚೀಟಿಯಲ್ಲಿ ಬರೆದು ಕಾಮರ್ಸ್ ಬಿ ಸೆಕ್ಷನ್‌ಗೆ ತಂದುಕೊಡಿ. ಇನ್ನೂ 39 ಕೋಳಿಗಳಿಗೆ ಜಾಗ ಇದೆ.